ಇನ್ನೊಂಚೂರಮ್ಮ ಬೆನ್ನು ತಿರುಗಿಸಿದ್ದು

ಆಕೆಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಇರದೆ ಎಲ್ಲಿಗೆ ಹೋಗುತ್ತದೆ? ಆದರೆ ಅದನ್ನು ಬ್ಯಾಂಕಿನವರನ್ನು ಬಿಟ್ಟು ಬೇರೆ ಯಾರೂ ಬಳಸುತ್ತಿರಲಿಲ್ಲ. ಆಯುಷ್ಯದ ಮುಕ್ಕಾಲು ಪಾಲನ್ನು ಹುಡುಗಿಯರ ಹಾಸ್ಟೆಲಿನ ಅಡುಗೆಮನೆಯಲ್ಲಿ ಕಳೆದ ಹೆಂಗಸು. ಸೌಟು ಹಿಡಿದು ನಿಂತರೆ, ತಟ್ಟೆ ಚಾಚಿದ ಹುಡುಗಿ "ಸಾಕು" ಎನ್ನುವಷ್ಟರಲ್ಲಿ "ಇನ್ನೊಂಚೂರು" ಎಂಬ ದನಿಯೂ ಇನ್ನೊಂದು ಸೌಟೂ ಒಟ್ಟಿಗೇ ಬಿದ್ದಿರುತ್ತಿದ್ದವು. ಹುಡುಗಿಯರು ಇಟ್ಟ ಹೆಸರು ಇನ್ನೊಂಚೂರಮ್ಮ. ಊಟ ಬೇಡ ಅಂದವರ ಮೇಲೆ ಆಕೆಗೆ ಎರಡೇ ಅನುಮಾನ, ಒಂದೋ ಜ್ವರ, ಇಲ್ಲವೇ ಪ್ರೇಮ. ಎರಡಕ್ಕೂ ಮದ್ದು ಒಂದೇ ಎಂದು ನಂಬಿದ್ದರು.

ಹೊಟ್ಟೆ ಹಸಿದವರನ್ನು ನೋಡಿಕೊಂಡು ಸುಮ್ಮನಿರುವುದು ಆಕೆಯ ಕೈಲಿ ಆಗದ ಕೆಲಸ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕಥೆಯೆಲ್ಲ ಇದರ ಮೇಲೇ ನಿಂತಿದೆ.

ನಿವೃತ್ತಿಯಾದ ಮೇಲೆ ಮಗನ ಮನೆಗೆ ಬಂದರು. ಬಂದರೆ ಮಗನೇ ಇಲ್ಲ. ಅವನು ಹಡಗಿನ ಎಂಜಿನ್ ನೋಡಿಕೊಳ್ಳುವವನು, ವರ್ಷದ ಅರ್ಧ ನೀರಿನ ಮೇಲೆ. ಮನೆಯಲ್ಲಿದ್ದವಳು ಸೊಸೆ, ಪ್ರಾಣಿಗಳ ಡಾಕ್ಟರು. ಮಳೆಕಾಡಿನ ಅಂಚಿನಲ್ಲಿ, ಗಾಯಗೊಂಡ, ತಬ್ಬಲಿಯಾದ, ಕಳ್ಳರ ಕೈಯಿಂದ ಬಿಡಿಸಿ ತಂದ ಪ್ರಾಣಿಗಳನ್ನು ಸಾಕಿ ಸಲಹಿ ಮತ್ತೆ ಕಾಡಿಗೆ ಬಿಡುವ ಕೇಂದ್ರವೊಂದಿತ್ತು. ಅಲ್ಲಿ ಅವಳ ಕೆಲಸ. ಅವಳ ಬೆಳಗಿನ ತಿಂಡಿಯೆಂದರೆ ಒಂದು ಕಾಲಿಗೆ ಬೂಟು ಹಾಕಿಕೊಂಡು, ಇನ್ನೊಂದು ಕಾಲು ಗಾಳಿಯಲ್ಲಿಟ್ಟುಕೊಂಡು ಕಚ್ಚುವ ಅರ್ಧ ತುಂಡು ಬ್ರೆಡ್ಡು. "ಸಾಕು ಅತ್ತೆ, ಹೊತ್ತಾಯ್ತು, ಬರ್ತೀನಿ" ಎಂದು ಹೊರಟರೆ ಸಂಜೆ ಬರುವಾಗ ಕೊಟ್ಟ ಡಬ್ಬಿ ಮುಟ್ಟದೆ ಹಾಗೇ ವಾಪಸ್ಸು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಈ ಮನೆಯಲ್ಲಿ ಇಬ್ಬರಿಗೂ ಕಾಲ ಚೆನ್ನಾಗಿಯೇ ಇತ್ತು, ಊಟದ ಹೊತ್ತೊಂದು ಮಾತ್ರ ಇಬ್ಬರಿಗೂ ಕೂಡಿ ಬರುತ್ತಿರಲಿಲ್ಲ. ಆ ತುಂಬಿದ ಡಬ್ಬಿಯನ್ನು ತೆರೆದು ನೋಡುವಾಗ ಇನ್ನೊಂಚೂರಮ್ಮನಿಗೆ ಯಾರೋ ಬೇಕೆಂದೇ ಅವಮಾನ ಮಾಡಿದ ಹಾಗಾಗುತ್ತಿತ್ತು.

"ಅತ್ತೆ, ನಮ್ಮಲ್ಲಿ ಅಡುಗೆಮನೆಗೆ ಕೈ ಸಾಲ್ತಿಲ್ಲ," ಎಂದಳು ಸೊಸೆ ಒಂದು ದಿನ. "ಸಂಬಳ ಇಲ್ಲ, ನಾತ ಇದೆ. ಬರ್ತೀರಾ?"

"ಎಷ್ಟು ಬಾಯಿ?"

"ದಿನಾ ಬದಲಾಗುತ್ತೆ."

"ತಟ್ಟೆ ವಾಪಸ್ ಕಳಿಸ್ತವಾ, ನಿನ್ನ ಹಾಗೆ?"

ಸೊಸೆ ನಕ್ಕಳು. ಮರುದಿನವೇ ಇನ್ನೊಂಚೂರಮ್ಮ ಮಂಡಿನೋವಿನ ಊರುಗೋಲನ್ನು ಹಿಡಿದು, ಮೊಣಕಾಲುದ್ದದ ರಬ್ಬರ್ ಬೂಟು ಮೆಟ್ಟಿಕೊಂಡು ಹೊರಟರು. ಆ ಕೋಲಿನ ತುದಿಗೆ ಕಬ್ಬಿಣದ ಟೋಪಿ ಇತ್ತು. ನಡೆದಲ್ಲೆಲ್ಲ ಟಕ್ ಟಕ್ ಎನ್ನುತ್ತಿತ್ತು.

ಕೇಂದ್ರವೆಂದರೆ ತಗಡಿನ ಮಾಡಿನ ನಾಲ್ಕಾರು ಉದ್ದನೆಯ ಕಟ್ಟಡ, ಅವುಗಳ ಬೆನ್ನಿಗೇ ಕಾಡು. ಮರಗಳು ಮಾಡಿನ ಮೇಲೆ ಬಾಗಿ ಒಳಗೆ ಏನು ನಡೆಯುತ್ತಿದೆ ಎಂದು ಇಣುಕುವಂತಿದ್ದವು. ಮಳೆ ನಿಂತರೂ ಎಲೆಗಳಿಂದ ನೀರು ತೊಟ್ಟಿಕ್ಕುವುದು ನಿಲ್ಲುತ್ತಿರಲಿಲ್ಲ. ಅಡುಗೆಮನೆಯಲ್ಲಿ ಉದ್ದನೆಯ ಸ್ಟೀಲ್ ಮೇಜು, ತಕ್ಕಡಿ, ಗೋಡೆಗೆ ತೂಗುಹಾಕಿದ ಚಾಕುಗಳು. ಸಂಬಳಕ್ಕಿದ್ದವರು ಕೆಲವೇ ಮಂದಿ, ಉಳಿದವರೆಲ್ಲ ಇವರ ಹಾಗೆ ಸುಮ್ಮನೆ ಬಂದವರು. ಒಂದು ಕಾಲದಲ್ಲಿ ಕೋರ್ಟಿನಲ್ಲಿ ಕೂತು ಜನರಿಗೆ ಶಿಕ್ಷೆ ಕೊಡುತ್ತಿದ್ದ ನಿವೃತ್ತ ಜಡ್ಜ್ ಸಾಹೇಬರು ಇಲ್ಲಿ ತೋಳು ಮಡಚಿ ಕೋತಿಗಳ ತಟ್ಟೆ ತಿಕ್ಕುತ್ತಿದ್ದರು. ತಟ್ಟೆಯ ಅಂಚಿನಲ್ಲಿ ಜಿಡ್ಡು ಉಳಿದಿದೆ ಎಂದು ಇನ್ನೊಂಚೂರಮ್ಮ ಮೊದಲ ದಿನವೇ ವಾಪಸ್ ಕೊಟ್ಟಾಗ ಸಾಹೇಬರು ಮೇಲ್ಮನವಿಗೆ ಹೋಗದೆ ಮತ್ತೆ ತಿಕ್ಕಿಕೊಟ್ಟರು.

ಅಡುಗೆಮನೆ ಬೇಗನೆ ಆಕೆಯ ಕೈಗೆ ಬಂತು. ಕೊಕ್ಕು ಮುರಿದ ಮಂಗಟ್ಟೆ ಹಕ್ಕಿಗೆ ಪಪಾಯಿ ಎಷ್ಟು ಸಣ್ಣಗೆ ಹೆಚ್ಚಬೇಕು, ನೀರುನಾಯಿಗಳಿಗೆ ಮೀನನ್ನು ಯಾವಾಗ ಹೊರಗೆ ತೆಗೆದಿಡಬೇಕು, ಎಲ್ಲವೂ ಗೊತ್ತಾಯಿತು. ಖಾಲಿ ತಟ್ಟೆಗಳು ಬಂದಾಗಲೆಲ್ಲ ಹಾಲು ಕುಡಿದಷ್ಟು ಸಂತೋಷ. ಆದರೆ ಈ ಕೇಂದ್ರದ ಕಟ್ಟಳೆಗಳು ಮಾತ್ರ ಆಕೆಯ ಗಂಟಲಲ್ಲಿ ಇಳಿಯಲಿಲ್ಲ. ಕಾಡಿಗೆ ಹೋಗಬೇಕಾದ ಪ್ರಾಣಿಗೆ ಹೆಸರಿಡಬಾರದು. ಅದರ ಹತ್ತಿರ ಮಾತಾಡಬಾರದು. ಕೈಯಿಂದ ತಿನ್ನಿಸಬಾರದು. ಇವನ್ನು ಆಕೆಗೆ ಹೇಳಿಕೊಟ್ಟವರು ಪ್ರಾಣಿಗಳನ್ನು ನೋಡಿಕೊಳ್ಳುವವರ ಮೇಲ್ವಿಚಾರಕರು. ಮುಖದಲ್ಲಿ ಮೀಸೆಯೇ ಹೆಚ್ಚು, ಹಾಗಾಗಿ ಎಲ್ಲರಿಗೂ ಮೀಸೆ ಮಾವ.

"ನಮ್ಮನ್ನ ನೋಡಿದ್ರೆ ಓಡಿಹೋಗ್ಬೇಕಮ್ಮ ಅವು. ಹತ್ರ ಬಂದ್ರೆ ನಾವು ಸೋತ ಹಾಗೆ," ಎಂದರು ಮೀಸೆ ಮಾವ.

"ಅನ್ನ ಹಾಕಿದ ಕೈ ಕಂಡ್ರೆ ಓಡಿಹೋಗೋದಾ? ಚೆನ್ನಾಗಿದೆ ನಿಮ್ಮ ನ್ಯಾಯ," ಎಂದರು ಇನ್ನೊಂಚೂರಮ್ಮ, ಜಡ್ಜ್ ಸಾಹೇಬರ ಕಡೆ ನೋಡಿ.

ಹೀಗಿರುವಾಗ ಒಂದು ಬೆಳಿಗ್ಗೆ ಅರಣ್ಯ ಕಾವಲುಗಾರರು ಒಂದು ಗೋಣಿಚೀಲ ತಂದರು. ಒಳಗೆ ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದಾದ ಉಂಡೆ, ಮೈಯೆಲ್ಲ ಗಟ್ಟಿ ಚಿಪ್ಪು. ಚಿಪ್ಪುಹಂದಿಯ ಮರಿ. ಕಳ್ಳಸಾಗಣೆಯವರ ಗಾಡಿಯಲ್ಲಿ ಸಿಕ್ಕಿತ್ತು. ತಾಯಿ ಆಗಲೇ ಸತ್ತಿತ್ತು, ಮರಿ ಅದರ ಬಾಲವನ್ನು ತಬ್ಬಿಕೊಂಡೇ ಇತ್ತಂತೆ. ಈ ಪ್ರಾಣಿಗಳ ಮರಿಗಳು ತಾಯಿಯ ಬಾಲದ ಮೇಲೆ ಕೂತೇ ಸವಾರಿ ಮಾಡುವವು. ಹೆದರಿದರೆ ಹೀಗೆ ಉಂಡೆಯಾಗಿ ಮುಖವನ್ನು ಹೊಟ್ಟೆಯೊಳಗೆ ಬಚ್ಚಿಟ್ಟುಕೊಳ್ಳುವವು. ಆ ಉಂಡೆಯನ್ನು ಬಿಡಿಸಲು ಹೋಗಬಾರದು, ಬಿಡಿಸಹೋದರೆ ಹೆದರಿಕೆಗೇ ಜೀವ ಬಿಟ್ಟೀತು.

ಸೊಸೆ ಏನು ಮಾಡಿದಳು? ಏನೂ ಮಾಡಲಿಲ್ಲ. ಚಿಕಿತ್ಸೆಯ ಕೋಣೆಯ ತಣ್ಣನೆಯ ನೆಲದಲ್ಲಿ ಗೋಡೆಗೊರಗಿ ಕೂತು, ಆ ಉಂಡೆಯನ್ನು ಹೊಟ್ಟೆಗೆ ಒತ್ತಿ ಇಟ್ಟುಕೊಂಡಳು. ಬೆಳಿಗ್ಗೆ ಹೋಗಿ ಮಧ್ಯಾಹ್ನವಾಯಿತು. ಇನ್ನೊಂಚೂರಮ್ಮ ಡಬ್ಬಿ ಹಿಡಿದುಕೊಂಡು ಬಾಗಿಲ ಸಂದಿಯಿಂದ ಎಷ್ಟೋ ಸಲ ಇಣುಕಿದರು. ಸೊಸೆಯ ಕಾಲು ಜೋಮು ಹಿಡಿದಿರಬೇಕು, ಬೆನ್ನು ಸೆಳೆದಿರಬೇಕು, ಆದರೂ ಅವಳು ಅಲುಗಲಿಲ್ಲ. ಉಸಿರೊಂದೇ ನಿಧಾನವಾಗಿ ಏರಿ ಇಳಿಯುತ್ತಿತ್ತು. ಆ ಉಸಿರಿನ ಜೊತೆ ಉಂಡೆಯೂ ಏರಿ ಇಳಿಯುತ್ತಿತ್ತು. ಬಿಸಿಲು ಕಿಟಕಿಯಿಂದ ಇಳಿದು ಹೋಗುವ ಹೊತ್ತಿಗೆ ಚಿಪ್ಪುಗಳ ನಡುವೆ ಒಂದು ಸಣ್ಣ ಸಂದು ಕಂಡಿತು. ಆ ಸಂದಿನಿಂದ ಉದ್ದನೆಯ ಒದ್ದೆ ಮೂತಿ ಹೊರಬಂದು ಸೊಸೆಯ ಅಂಗಿಯ ಗುಂಡಿಯನ್ನು ಮೂಸಿತು.

ಇಷ್ಟು ದಿನ ತನ್ನ ಸೊಸೆ ಅವಸರದ ಹೆಣ್ಣು, ನಿಂತಲ್ಲಿ ನಿಲ್ಲುವವಳಲ್ಲ ಎಂದುಕೊಂಡಿದ್ದವರು ಇನ್ನೊಂಚೂರಮ್ಮ. ಅವಸರವೆಲ್ಲ ಮನೆಗೆ, ತಾಳ್ಮೆಯೆಲ್ಲ ಇಲ್ಲಿಗೆ ಎಂದು ಅವತ್ತು ಗೊತ್ತಾಯಿತು. ಹೊಟ್ಟೆಕಿಚ್ಚಾಗಬೇಕಿತ್ತು, ಆಗಲಿಲ್ಲ. ಎಂಥ ಹುಡುಗಿಯನ್ನು ಕಟ್ಟಿಕೊಂಡು ಬಂದಿದ್ದಾನೆ ನನ್ನ ಮಗ ಎಂದು ಎದೆ ತುಂಬಿ ಬಂತು. ಹಾಗಂತ ಬಾಯಿಬಿಟ್ಟು ಹೇಳುವ ಜಾತಿಯಲ್ಲ ಆಕೆ. ಡಬ್ಬಿಯನ್ನು ಬಾಗಿಲಲ್ಲಿಟ್ಟು ಬಂದರು. ಅದು ಸಂಜೆ ಮುಟ್ಟದೆ ವಾಪಸ್ ಬಂತು.

ಮರಿಯೇನೋ ಬಿಚ್ಚಿಕೊಂಡಿತು, ಆದರೆ ತಿನ್ನಲಿಲ್ಲ. ಇದಕ್ಕೆ ಹಲ್ಲಿಲ್ಲ, ಇರುವುದೆಲ್ಲ ಅಂಟಂಟಾದ ಮಾರುದ್ದ ನಾಲಿಗೆ. ಇರುವೆ ಗೆದ್ದಲು ಬಿಟ್ಟು ಬೇರೇನೂ ಬೇಡ. ಅದನ್ನೂ ಬಟ್ಟಲಲ್ಲಿ ಹಾಕಿಟ್ಟರೆ ಮೂತಿ ತಿರುವುತ್ತಿತ್ತು.

"ಹಂದಿ ಅಂತ ಯಾರಮ್ಮ ಹೆಸರಿಟ್ಟಿದ್ದು ಇದಕ್ಕೆ?" ಎಂದು ಇನ್ನೊಂಚೂರಮ್ಮ ರೇಗಿದರು. "ಹಂದಿ ಸಿಕ್ಕಿದ್ದೆಲ್ಲ ತಿನ್ನುತ್ತೆ. ಇದು ನೋಡಿದ್ರೆ ನಿನ್ನ ತಂಗಿ."

ಸೊಸೆ ನಗಲಿಲ್ಲ. "ಕೊಳವೇಲಿ ಹಾಲು ಇಳಿಸ್ತಾ ಇದೀನಿ ಅತ್ತೆ. ಅದರಲ್ಲಿ ಬಹಳ ದಿನ ನಡೆಯಲ್ಲ. ಬೋನಲ್ಲಿಟ್ಟು ಸಾಕೋಣ ಅಂದ್ರೆ ಇವು ಬೋನಲ್ಲಿ ಬದುಕಲ್ಲ. ತಾನೇ ಹುಡುಕಿ, ತಾನೇ ಅಗೆದು ತಿನ್ನೋದು ಕಲಿತ್ರೆ ಇದಕ್ಕೆ ಕಾಡು. ಕಲೀಲಿಲ್ಲ ಅಂದ್ರೆ ಇಲ್ಲ, ಅಷ್ಟೇ."

ಕಲಿಸುವ ದಾರಿ ಒಂದೇ. ದಿನಾ ಸಂಜೆ ಅದನ್ನು ಕಾಡಿಗೆ ಕರೆದೊಯ್ದು ನೆಲಕ್ಕೆ ಬಿಡುವುದು, ಅದು ಹೋದಲ್ಲೆಲ್ಲ ಹಿಂದೆ ಹಿಂದೆ ನಡೆಯುವುದು, ಕತ್ತಲಾಗುವ ಮುಂಚೆ ವಾಪಸ್ ಎತ್ತಿಕೊಂಡು ಬರುವುದು. ಅದು ಅತ್ತ ಒಂದು ಹೆಜ್ಜೆ, ಇತ್ತ ಒಂದು ಹೆಜ್ಜೆ ಇಟ್ಟು, ಪ್ರತಿ ಎಲೆಯನ್ನೂ ಮೂಸಿ ನಡೆಯುವ ಪ್ರಾಣಿ. ಹುರುಪಿನ ಹುಡುಗರು ಹಿಂದೆ ನಡೆದು ಬೇಸತ್ತು ಕೂತುಬಿಡುತ್ತಿದ್ದರು. ಮೀಸೆ ಮಾವ ಇನ್ನೊಂಚೂರಮ್ಮನ ಮಂಡಿಯನ್ನೂ ಕೋಲನ್ನೂ ನೋಡಿ, "ಅಮ್ಮ, ನಿಮ್ಮ ನಡಿಗೆ ಇದಕ್ಕೆ ಸರಿಹೋಗುತ್ತೆ," ಎಂದರು. "ಮಾತಾಡ್ಬೇಡಿ. ಮುಟ್ಬೇಡಿ. ಸಹಾಯ ಮಾಡ್ಲೇಬೇಡಿ. ಹಿಂದೆ ಇರಿ, ಸಾಕು."

ಮೊದಲ ಕೆಲವು ಸಂಜೆ ಇನ್ನೊಂಚೂರಮ್ಮ ಕಟ್ಟಳೆ ಮುರಿಯಲಿಲ್ಲ. ನಿಜ ಹೇಳಬೇಕೆಂದರೆ ಆ ನಡಿಗೆ ಆಕೆಗೆ ಹಿಡಿಸಿಬಿಟ್ಟಿತ್ತು. ಕಾಡಿನೊಳಗೆ ಬೆಳಕು ಹಸಿರಾಗಿಯೇ ಇಳಿಯುತ್ತಿತ್ತು. ಮರಿ ಹಿಂದಿನ ಎರಡೇ ಕಾಲ ಮೇಲೆ ತೂಗಾಡುತ್ತ, ಮುಂದಿನ ಕೈಗಳನ್ನು ಎದೆಗೆ ಹಿಡಿದುಕೊಂಡು, ಹಾಸ್ಟೆಲಿನ ಹಳೆಯ ವಾರ್ಡನ್ ಥರ ಗಂಭೀರವಾಗಿ ನಡೆಯುತ್ತಿತ್ತು. ಆಕೆ ಮನಸ್ಸಿನೊಳಗೆ ಅದಕ್ಕೆ ಉಂಡೆ ಎಂದು ಹೆಸರಿಟ್ಟರು. ಮನಸ್ಸಿನೊಳಗೆ ಇಟ್ಟರೆ ಕಟ್ಟಳೆ ಮುರಿದಂತಾಗುತ್ತದೆಯೇ?

ಆದರೆ ಉಂಡೆ ತಿನ್ನಲಿಲ್ಲ. ಕೊಳೆತು ಲಡ್ಡಾದ ಮರದ ದಿಮ್ಮಿಯ ಹತ್ತಿರ ಹೋಗುವುದು, ಮೂಸುವುದು, ನಾಲಿಗೆ ಚಾಚುವುದು, ಸುಮ್ಮನಾಗುವುದು. ದಿಮ್ಮಿಯ ಒಳಗೆ ಇರುವೆಗಳು ಗಿಜಿಗುಡುತ್ತಿವೆ, ಆದರೆ ಬಾಗಿಲು ತೆಗೆಯಲು ಇದಕ್ಕೆ ಗೊತ್ತಿಲ್ಲ. ಬಾಗಿಲು ತೆಗೆಯುತ್ತಿದ್ದವಳು ಸತ್ತುಹೋಗಿದ್ದಾಳೆ. ಪಕ್ಕೆಯ ಚಿಪ್ಪುಗಳು ಸಡಿಲವಾಗಿ ಕಾಣತೊಡಗಿದ್ದವು. ಆ ಸಂಜೆ ಅದು ದಿಮ್ಮಿಯ ಪಕ್ಕದಲ್ಲಿ ಕೂತು, ಕತ್ತು ತಿರುಗಿಸಿ, ಆಕೆಯ ಕಡೆ ನೋಡಿತು. ಗುಂಡುಸೂಜಿಯ ತಲೆಯಷ್ಟು ಕಣ್ಣು. ಇನ್ನೊಂಚೂರಮ್ಮ ಆ ಕಡೆ ನೋಡಿದರು, ಈ ಕಡೆ ನೋಡಿದರು. ಕೋಲೆತ್ತಿ ಟಕ್ ಟಕ್ ಎಂದು ದಿಮ್ಮಿಗೆ ಎರಡು ಬಿಟ್ಟರು. ತೊಗಟೆ ಸಿಡಿಯಿತು, ಇರುವೆಗಳು ಚೆಲ್ಲಿದವು, ಉಂಡೆ ಮೂತಿಯಿಟ್ಟು ನೆಕ್ಕಿತು. ನೆಕ್ಕಿತು ಎಂದರೆ ಹೇಗೆ, ಬರಗೆಟ್ಟು ನೆಕ್ಕಿತು. ಆಕೆಯ ಕಣ್ಣಲ್ಲಿ ನೀರು ದಳದಳ ಇಳಿಯಿತು.

"ಇನ್ನೊಂಚೂರು," ಎಂದರು ಪಿಸುದನಿಯಲ್ಲಿ, ಮತ್ತೆ ಬಡಿದರು.

ಒಂದು ದಿನಕ್ಕೆಂದು ಮಾಡಿದ್ದು ದಿನದ ರೂಢಿಯಾಯಿತು. ಉಂಡೆಯ ತೂಕ ಏರತೊಡಗಿತು. ಕೇಂದ್ರವೆಲ್ಲ ಆಕೆಯನ್ನು ಹೊಗಳಿದ್ದೇ ಹೊಗಳಿದ್ದು. ಸೊಸೆ ಒಂದು ಸಂಜೆ ಎಲ್ಲರೆದುರು "ನನ್ನ ಅತ್ತೆ" ಎಂದು ಹೇಳಿದ ರೀತಿಗೆ ಇನ್ನೊಂಚೂರಮ್ಮನಿಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಅರ್ಧ ಸಂತೋಷಕ್ಕೆ, ಅರ್ಧ ಭಯಕ್ಕೆ. ಹೇಳಿಬಿಡಬೇಕು ಎಂದುಕೊಂಡರು. ಹೇಳಿದರೆ ನಾಳೆಯಿಂದ ಮರಿ ಉಪವಾಸ, ಆದ್ದರಿಂದ ಹೇಳಲಿಲ್ಲ.

ಕಳ್ಳತನ ಎಷ್ಟು ದಿನ ಬಚ್ಚಿಟ್ಟುಕೊಂಡೀತು? ಒಂದು ಬೆಳಿಗ್ಗೆ ಜಗಲಿಯಲ್ಲಿ ಉಂಡೆಯನ್ನು ತೂಗಿ ಕೆಳಗೆ ಬಿಟ್ಟಿದ್ದರು. ಅದು ಅಂಗಳದ ಮೂಲೆಯಲ್ಲಿ ಸುರುಳಿಯಾಗಿ ಮಲಗಿತ್ತು. ಎಲ್ಲರೂ ಅಲ್ಲೇ ಇದ್ದರು. ಇನ್ನೊಂಚೂರಮ್ಮ ಅಡುಗೆಮನೆಯಿಂದ ಹಣ್ಣಿನ ಬುಟ್ಟಿ ಹಿಡಿದು ಬಂದವರು ಜಗಲಿಯ ಸಿಮೆಂಟಿನ ಮೆಟ್ಟಿಲಿಳಿದರು. ಕೋಲು ಮೆಟ್ಟಿಲಿಗೆ ತಾಗಿ ಟಕ್ ಟಕ್ ಎಂದಿತು.

ಉಂಡೆ ಬಿಚ್ಚಿಕೊಂಡಿತು. ಅಂಗಳದ ಉದ್ದಕ್ಕೂ ತೂಗಾಡುತ್ತ ಓಡಿಬಂದು, ಕೋಲಿನ ತುದಿಯ ಬಳಿ ಕೂತು, ಮಾರುದ್ದ ನಾಲಿಗೆಯನ್ನು ಹೊರಗೆ ಚಾಚಿತು.

"ಅರೆ, ಊಟದ ಗಂಟೆ ಹೊಡೆದ ಹಾಗಾಯ್ತಲ್ಲ," ಎಂದು ಜಡ್ಜ್ ಸಾಹೇಬರು ನಕ್ಕರು. ಎಲ್ಲರೂ ನಕ್ಕರು. ಸೊಸೆ ನಗಲಿಲ್ಲ. ಅವಳು ಮರಿಯನ್ನು ನೋಡಿದಳು, ಕೋಲನ್ನು ನೋಡಿದಳು, ಆಮೇಲೆ ಅತ್ತೆಯ ಮುಖ ನೋಡಿದಳು. ಇನ್ನೊಂಚೂರಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸೊಸೆ ಮರಿಯನ್ನು ಎತ್ತಿಕೊಂಡು, "ಸಂಜೆ ನಡಿಗೆ ಸ್ವಲ್ಪ ಬದಲಾಯಿಸ್ಬೇಕು, ಅತ್ತೆ ಹತ್ರ ಮಾತಾಡ್ತೀನಿ," ಎಂದಷ್ಟೇ ಉಳಿದವರಿಗೆ ಹೇಳಿ, ಚಿಕಿತ್ಸೆಯ ಕೋಣೆಗೆ ನಡೆದಳು. ನಾಲ್ಕು ಜನರ ಎದುರು ಮಾನ ಕಳೆಯಬಹುದಿತ್ತು, ಕಳೆಯಲಿಲ್ಲ. ಅದೇ ಇನ್ನೊಂಚೂರಮ್ಮನಿಗೆ ಹೆಚ್ಚು ಚುಚ್ಚಿತು. ಹಿಂದೆಯೇ ಹೋದರು.

"ಎಷ್ಟು ದಿನದಿಂದ ಅತ್ತೆ?"

"ಹೆಚ್ಚುಕಮ್ಮಿ ಮೊದಲಿಂದ್ಲೂ ಅನ್ನು. ಸಾಯ್ತಿತ್ತಮ್ಮ ಅದು, ನನ್ನ ಮುಖ ನೋಡ್ತಿತ್ತು. ಇದರ ತಾಯಿ ಇದ್ದಿದ್ರೂ ಒಡೆದು ಕೊಡ್ತಿರಲಿಲ್ವಾ?"

"ಕೊಡ್ತಿದ್ಲು. ಆಮೇಲೆ ಒಂದು ದಿನ ನಿಲ್ಲಿಸ್ತಿದ್ಲು." ಸೊಸೆಯ ದನಿ ಏರಲಿಲ್ಲ. "ನೀವು ನಿಲ್ಲಿಸ್ತಿದ್ರಾ ಅತ್ತೆ?"

ನಿಲ್ಲಿಸುವುದು ಎಂಬ ಮಾತೇ ಇನ್ನೊಂಚೂರಮ್ಮನ ಅಡುಗೆಮನೆಯಲ್ಲಿ ಇರಲಿಲ್ಲ. ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ ಅದು.

"ಕಾಡಲ್ಲಿ ಯಾರಾದ್ರೂ ಕೋಲು ಊರ್ಕೊಂಡು ನಡೆದ್ರೆ ಸಾಕು, ಓಡಿ ಹೋಗಿ ಕಾಲ ಹತ್ರ ಕೂರುತ್ತೆ," ಎಂದಳು ಸೊಸೆ. "ಇದರ ತಾಯೀನ ಚೀಲಕ್ಕೆ ಹಾಕಿದೋರೂ ಹಾಗೇ ನಡೆದು ಬಂದಿರ್ತಾರೆ."

ಆ ಮಾತು ಕೇಳಿ ಇನ್ನೊಂಚೂರಮ್ಮ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕೂತರು. ಬಹಳ ಹೊತ್ತು ಅತ್ತರು. ನಾಳೆಯಿಂದ ಬರುವುದಿಲ್ಲ, ಇನ್ನು ಮನೆಯಲ್ಲೇ ಇರುತ್ತೇನೆ ಎಂದರು.

"ಬರ್ಬೇಕು," ಎಂದಳು ಸೊಸೆ, ಆಕೆಯ ಎದುರು ಮಂಡಿಯೂರಿ ಕೂತು. "ನೀವು ಬಿಟ್ಟು ಹೋದ್ರೆ ಅದು ನಿಮ್ಮನ್ನೇ ಕಾಯ್ತಾ ಕೂರುತ್ತೆ. ಅತ್ತೆ ಇದ್ರೂ ಬಾಗಿಲು ತೆಗೆಯಲ್ಲ ಅಂತ ಅದಕ್ಕೆ ಗೊತ್ತಾಗ್ಬೇಕು. ಅದು ಬೇರೆಯವರ ಕೈಲಿ ಆಗಲ್ಲ. ಜೀವ ಹಿಡಿದಿರೋಷ್ಟು ಹಾಲು ಕೊಳವೇಲಿ ನಾನು ಕೊಡ್ತೀನಿ. ಹೊಟ್ಟೆ ತುಂಬಿಸಲ್ಲ. ಹಸಿವು ಇರಲಿ ಅದಕ್ಕೆ."

ಹಸಿವು ಇರಲಿ. ಆಕೆಯ ಮುಂದೆ ಯಾರೂ ಆಡದ ಮಾತು. ಮಾಡಿದ್ದುಣ್ಣೋ ಮಹಾರಾಯ ಎಂದು ಹುಡುಗಿಯರಿಗೆ ಬುದ್ಧಿ ಹೇಳುತ್ತಿದ್ದ ಬಾಯಿ ಈಗ ಅದೇ ಗಾದೆಯನ್ನು ನುಂಗಬೇಕಾಯಿತು.

ಮರುದಿನ ಸಂಜೆ ಇನ್ನೊಂಚೂರಮ್ಮ ಕೋಲನ್ನು ಅಡುಗೆಮನೆಯ ಮೂಲೆಯಲ್ಲಿ ನಿಲ್ಲಿಸಿ ಬಂದರು. ಕತ್ತಿನ ಸ್ಕಾರ್ಫ್ ತೆಗೆದು ಸೊಸೆಗೆ ಕೊಟ್ಟು, ಎರಡೂ ಕೈ ಮುಂದೆ ಚಾಚಿದರು.

"ಕಟ್ಟು."

"ಅತ್ತೆ, ತಮಾಷೆ ಮಾಡ್ಬೇಡಿ."

"ಕಟ್ಟಮ್ಮ. ಈ ಕೈಗಳು ನನಗೆ ಗೊತ್ತು, ನಿನಗೆ ಗೊತ್ತಿಲ್ಲ."

ಸೊಸೆ ಕಟ್ಟಿದಳು, ಎಳೆದರೆ ಬಿಚ್ಚಿಕೊಳ್ಳುವ ಸಡಿಲ ಗಂಟು. ಜಾರಿ ಬಿದ್ದರೆ ಎತ್ತಲೆಂದು ಮೀಸೆ ಮಾವ ದೂರದಲ್ಲಿ ಹಿಂದೆ ಬಂದರು. ಮಂಡಿ ಕತ್ತರಿಸುವಂತೆ ನೋಯುತ್ತಿತ್ತು. ಇನ್ನೊಂಚೂರಮ್ಮ ಮರದಿಂದ ಮರಕ್ಕೆ ಭುಜವಾನಿಸಿಕೊಂಡು ನಡೆದರು.

ಉಂಡೆ ಎಂದಿನ ದಿಮ್ಮಿಯ ಬಳಿ ಹೋಗಿ ಕೂತಿತು. ಕಾಯಿತು. ವಾಪಸ್ ಬಂದು ಬೂಟಿನ ಸುತ್ತ ಸುತ್ತಿತು. ಉಗುರಿನಿಂದ ಬೂಟನ್ನು ಕೆರೆಯಿತು. ಕೊನೆಗೆ ಬೂಟಿನ ಮೇಲೆ ಹತ್ತಿ ಕೂತು, ಆಕೆಯ ಕಾಲನ್ನು ತಾಯಿಯ ಬಾಲವೋ ಎಂಬಂತೆ ತಬ್ಬಿಕೊಂಡಿತು. ಗಂಟು ಎಳೆದರೆ ಬಿಚ್ಚುತ್ತದೆ, ಕೈಯಲ್ಲೇ ತೊಗಟೆ ಕೀಳಬಹುದು. ಕೀಳಲಿಲ್ಲ. ಮೇಲೆ ಮರದ ತುದಿ ನೋಡುತ್ತ ನಿಂತರು, ಹೊತ್ತು ಮುಳುಗುವವರೆಗೆ. ಮನೆಗೆ ಬಂದು ತಟ್ಟೆಯ ಮುಂದೆ ಕೂತರೆ ತುತ್ತು ಇಳಿಯಲಿಲ್ಲ. "ಸಾಕು" ಎಂದು ಎದ್ದರು. ಆ ಮಾತು ತಮ್ಮ ಬಾಯಿಂದಲೇ ಬಂದದ್ದು ಆಕೆಗೆ ಗೊತ್ತೂ ಆಗಲಿಲ್ಲ, ಸೊಸೆಗೆ ಗೊತ್ತಾಯಿತು.

ಮರುದಿನವೂ ಅದೇ, ಅದರ ಮರುದಿನವೂ ಅದೇ. ಉಂಡೆಯ ತೂಕ ಇಳಿಯಿತು. ಏರಿದ್ದಕ್ಕಿಂತ ಬೇಗ ಇಳಿಯಿತು. ಕೇಂದ್ರದಲ್ಲಿ ಈಗ ಯಾರೂ ಹೊಗಳುತ್ತಿರಲಿಲ್ಲ, ಯಾರೂ ಬೈಯುತ್ತಲೂ ಇರಲಿಲ್ಲ. ಜಡ್ಜ್ ಸಾಹೇಬರು ಆಕೆಯ ಪಾಲಿನ ಕುಂಬಳಕಾಯಿಯನ್ನೂ ತಾವೇ ಹೆಚ್ಚಿಡುತ್ತಿದ್ದರು. ಸೊಸೆ ಪ್ರತಿ ಸಂಜೆ ಸ್ಕಾರ್ಫ್ ಕಟ್ಟುವಾಗ ಆಕೆಯ ಬೆರಳುಗಳನ್ನು ಒಂದು ಗಳಿಗೆ ಹಿಡಿದುಕೊಳ್ಳುತ್ತಿದ್ದಳು. ಅವಳ ಕೈಯೂ ತಣ್ಣಗಿರುತ್ತಿತ್ತು. ಅವಳಿಗೂ ಭಯವಿದೆ ಎಂದು ಇನ್ನೊಂಚೂರಮ್ಮನಿಗೆ ಅದರಿಂದಲೇ ತಿಳಿದದ್ದು. ಅಷ್ಟು ಭಯ ಇಟ್ಟುಕೊಂಡೂ ಹಾಲು ಒಂದು ತೊಟ್ಟು ಹೆಚ್ಚು ಇಳಿಸದೆ ಇರುವುದಕ್ಕೆ ಎಂಥ ಗುಂಡಿಗೆ ಬೇಕು!

ಹೀಗೇ ಒಂದು ಸಂಜೆ ಉಂಡೆ ದಿಮ್ಮಿಯ ಬಳಿ ಕೂತು ಆಕೆಯ ಮುಖವನ್ನೇ ನೋಡುತ್ತಿತ್ತು. ಆಕೆಯೂ ಅದರ ಮುಖವನ್ನೇ ನೋಡುತ್ತಿದ್ದರು. ಆಗ ಹೊಳೆಯಿತು. ಕೈ ಕಟ್ಟಿದೆ, ಕಣ್ಣು ಕಟ್ಟಿಲ್ಲ. ಹಾಸ್ಟೆಲಿನ ಊಟದ ಸಾಲಿನ ಮುಂದೆ ನಿಂತು ತಟ್ಟೆಯನ್ನೇ ದಿಟ್ಟಿಸುವ ಕಣ್ಣು, ತಿಂದೆಯಾ, ಯಾಕೆ ತಿನ್ನಲಿಲ್ಲ, ಇನ್ನೊಂಚೂರು ತಿನ್ನು ಎನ್ನುವ ಕಣ್ಣು. ಈ ಕಣ್ಣು ನೋಡುತ್ತಿರುವ ತನಕ ಅದು ಕಾಯುತ್ತಲೇ ಇರುತ್ತದೆ.

ಇನ್ನೊಂಚೂರಮ್ಮ ನಿಧಾನವಾಗಿ ಬೆನ್ನು ತಿರುಗಿಸಿ ನಿಂತರು.

ಕೈ ಕಟ್ಟಿಸಿಕೊಳ್ಳುವುದು ಸುಲಭವಿತ್ತು. ಉಣ್ಣುವವರಿಗೆ ಬೆನ್ನು ಹಾಕಿ ನಿಲ್ಲುವುದು, ತಿಂದರೋ ಇಲ್ಲವೋ ನೋಡದೆ ಇರುವುದು, ಅಬ್ಬಾ, ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಜಡ್ಜ್ ಸಾಹೇಬರೂ ಯಾರಿಗೂ ಕೊಟ್ಟಿರಲಾರರು. ಎದುರಿಗೊಂದು ಮರ, ಅದರ ಮೇಲೆ ಹಾವಸೆ. ಆಕೆ ಹಾವಸೆಯನ್ನು ನೋಡಿದರು. ಹಿಂದೆ ಏನೂ ಇಲ್ಲ. ಎಲೆಯಿಂದ ನೀರು ಬೀಳುವ ಸದ್ದು. ಏನೂ ಇಲ್ಲ. ಆಮೇಲೆ ಕರ್ ಎಂದು ಒಂದು ಸದ್ದು, ಸಣ್ಣದು. ಮತ್ತೆ ಸುಮ್ಮನೆ. ಕರ್ ಕರ್. ಕತ್ತು ತಾನೇ ತಿರುಗಲು ಹೊರಟಿತು, ಆಕೆ ಹಣೆಯನ್ನು ಮರಕ್ಕೆ ಒತ್ತಿ ಹಿಡಿದರು. ಕರಕರ ಸದ್ದು ಜೋರಾಯಿತು, ಏನೋ ಮುರಿದ ಸದ್ದಾಯಿತು, ಆಮೇಲೆ ನಿಂತೇ ಹೋಯಿತು. ಬಿಟ್ಟು ಹೋಯಿತೇ? ಸೋತು ಮಲಗಿತೇ? ನೋಡುವಂತಿಲ್ಲ.

ಆಗ ಆಕೆಯ ಬೂಟಿನೊಳಗೆ ಏನೋ ಹರಿದಂತಾಯಿತು. ಮೀನಖಂಡದಲ್ಲಿ ಚುರ್ ಎಂದು ಕಚ್ಚಿತು. ಇನ್ನೊಂದು ಕಚ್ಚಿತು. ದಿಮ್ಮಿಯ ಇರುವೆಗಳು! ಮನೆ ಒಡೆದದ್ದಕ್ಕೆ ಸಿಟ್ಟೆದ್ದು ಸಿಕ್ಕಸಿಕ್ಕ ಕಡೆ ಹರಿಯುತ್ತಿದ್ದವು. ಇರುವೆ ಕಚ್ಚಿದ್ದಕ್ಕೆ ಯಾರಾದರೂ ಸಂತೋಷಪಟ್ಟದ್ದುಂಟೇ? ಇನ್ನೊಂಚೂರಮ್ಮ ಪಟ್ಟರು. ಮರಕ್ಕೆ ಹಣೆಯಿಟ್ಟು, ಸದ್ದಿಲ್ಲದೆ, ಮೈಯೆಲ್ಲ ಅಲುಗುವಂತೆ ನಕ್ಕರು, ಅತ್ತರು. ಕಚ್ಚುವಷ್ಟು ಕಚ್ಚಲಿ ಎಂದು ಕಾಲು ಕದಲಿಸದೆ ನಿಂತರು. ಹಿಂದೆ ನಾಲಿಗೆ ಓಡಾಡುವ ಸಣ್ಣ ಪಿಚಪಿಚ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಕೇಂದ್ರಕ್ಕೆ ಬಂದವರೇ ಜಗಲಿಯಲ್ಲಿ ಕೂತು, ಬೂಟು ಕಿತ್ತೆಸೆದು, ಕೆಂಪಗೆ ಊದಿದ ಕಾಲನ್ನು ಸೊಸೆಯ ಎದುರು ಚಾಚಿದರು.

"ನೋಡು. ತಾನೇ ಒಡೀತು."

"ನೀವು ನೋಡಿದ್ರಾ?"

"ನಾನು ನೋಡ್ಲಿಲ್ಲ," ಎಂದರು ಇನ್ನೊಂಚೂರಮ್ಮ, ರಾಜ್ಯ ಗೆದ್ದವರ ಹಾಗೆ. "ಒಂದು ಸಲಾನೂ ನೋಡ್ಲಿಲ್ಲ."

ಸೊಸೆ ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮುಲಾಮು ಹಚ್ಚಿದಳು. ತುಂಬ ಹೊತ್ತು ಹಚ್ಚಿದಳು, ಅಷ್ಟು ಹಚ್ಚುವ ಅಗತ್ಯ ಇರಲಿಲ್ಲ.

ಅಲ್ಲಿಂದ ಮುಂದೆ ಉಂಡೆಗೆ ಆಕೆ ಬೇಡವಾಗುತ್ತ ಬಂದರು. ಮೊದಲು ಬೂಟನ್ನು ಮರೆಯಿತು. ಆಮೇಲೆ ಕೋಲಿನ ಸದ್ದಿಗೆ ಕಿವಿಗೊಡುವುದನ್ನು ಬಿಟ್ಟಿತು. ಕೊನೆಕೊನೆಗೆ ಆಕೆಯ ವಾಸನೆ ಬಂದರೆ ಫುಸ್ ಎಂದು ಪೊದೆಯೊಳಗೆ ನುಗ್ಗುತ್ತಿತ್ತು. ಮೈ ತುಂಬಿ, ಚಿಪ್ಪು ಮಿರುಗತೊಡಗಿತು. "ನೋಡಿ, ನನ್ನನ್ನ ಕಂಡ್ರೆ ಓಡುತ್ತೆ," ಎಂದು ಇನ್ನೊಂಚೂರಮ್ಮ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದನ್ನು ಕೇಳಿದ್ದೇವೆ. ಓಡಿಹೋಗುವ ಹೆಗ್ಗಣದ ಮೇಲೆ ಇಷ್ಟು ಹೆಮ್ಮೆ ಪಟ್ಟವರನ್ನು ಕಂಡದ್ದು ಅದೇ ಮೊದಲು ಎಂದರು ಮೀಸೆ ಮಾವ.

ಮಳೆ ಸ್ವಲ್ಪ ಬಿಡುವು ಕೊಟ್ಟ ಕಾಲಕ್ಕೆ ಅದನ್ನು ಕಾಡಿನ ಒಳಭಾಗಕ್ಕೆ, ಜನರ ಕಾಲು ತಾಗದ ಕಡೆಗೆ ಒಯ್ದರು. ಜೀಪಿನಲ್ಲಿ ಅತ್ತೆ, ಸೊಸೆ, ಮೀಸೆ ಮಾವ, ಹಿಂದೆ ಮರದ ಪೆಟ್ಟಿಗೆ. ಸೊಸೆ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಇನ್ನೊಂಚೂರಮ್ಮ ಅದನ್ನು ನೋಡಿದ್ದರು. ಏನೂ ಹೇಳಿರಲಿಲ್ಲ.

ದಾರಿ ಮುಗಿದಲ್ಲಿ ಪೆಟ್ಟಿಗೆಯನ್ನು ನೆಲಕ್ಕಿಳಿಸಿದರು. ಸೊಸೆ ಬಾಗಿಲ ಹಲಗೆಯನ್ನು ಮೇಲೆಳೆದು ಪಕ್ಕಕ್ಕೆ ಸರಿದಳು. ಪೆಟ್ಟಿಗೆಯೊಳಗೆ ಚಿಪ್ಪು ಉಜ್ಜಿದ ಸದ್ದಾಯಿತು. ಅಷ್ಟು ಹೊತ್ತಿಗೆ ಇನ್ನೊಂಚೂರಮ್ಮ ರೂಢಿಯಂತೆ ಬೆನ್ನು ತಿರುಗಿಸಿ, ಜೀಪಿನ ಚಕ್ರದ ಮಣ್ಣನ್ನು ನೋಡುತ್ತ ನಿಂತಿದ್ದರು. ತರಗೆಲೆಯ ಮೇಲೆ ಹೆಜ್ಜೆಗಳ ಸದ್ದು ಕೇಳಿತು. ಸ್ವಲ್ಪ ದೂರದಲ್ಲಿ ಕರಕರ ಅಗೆದ ಸದ್ದು. ಆಮೇಲೆ ಅದೂ ಇಲ್ಲ.

"ಹೋಯ್ತು ಅತ್ತೆ," ಎಂದಳು ಸೊಸೆ. ಅವಳ ದನಿ ಒಡೆದಿತ್ತು. "ಹಿಂದೆ ತಿರುಗಿ ಕೂಡ ನೋಡ್ಲಿಲ್ಲ."

"ನೋಡ್ಬಾರ್ದು," ಎಂದರು ಇನ್ನೊಂಚೂರಮ್ಮ. ಮೂಗು ಒರೆಸಿಕೊಂಡು, ಚೀಲದಿಂದ ಊಟದ ಡಬ್ಬಿ ತೆಗೆದು ಜೀಪಿನ ಹಿಂಭಾಗದ ಹಲಗೆಯ ಮೇಲಿಟ್ಟರು. ಮುಚ್ಚಳ ತೆಗೆದರು. ಪಕ್ಕದಲ್ಲೊಂದು ಚಮಚ ಇಟ್ಟರು. ಬಾ ಅನ್ನಲಿಲ್ಲ, ತಿನ್ನು ಅನ್ನಲಿಲ್ಲ. ಕೋಲೂರಿಕೊಂಡು ನಾಲ್ಕು ಹೆಜ್ಜೆ ಆಚೆ ಹೋಗಿ, ಬೆನ್ನು ಹಾಕಿ, ಮರಗಳನ್ನು ನೋಡುತ್ತ ನಿಂತರು.

ಹಿಂದೆ ಏನೂ ಇಲ್ಲ. ಎಲೆಯಿಂದ ನೀರು ಬೀಳುವ ಸದ್ದು. ಆಮೇಲೆ ಹಲಗೆ ಕಿರುಗುಟ್ಟಿತು, ಯಾರೋ ಅದರ ಮೇಲೆ ಕೂತರು. ಚಮಚ ಡಬ್ಬಿಗೆ ತಾಗಿತು. ಮತ್ತೆ ತಾಗಿತು. ಇನ್ನೊಂಚೂರಮ್ಮ ಕೋಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು, ಕತ್ತು ತಿರುಗಿಸಲಿಲ್ಲ. ಚಮಚದ ಸದ್ದು ಬೇಗಬೇಗ ಬರತೊಡಗಿತು, ಡಬ್ಬಿಯ ತಳ ಕೆರೆಯಿತು, ನಿಂತಿತು.

"ಅತ್ತೆ," ಎಂದಳು ಸೊಸೆ, ಬಾಯಿ ತುಂಬಿಕೊಂಡೇ. "ಇನ್ನೊಂಚೂರು ಇದ್ಯಾ?"

ಇನ್ನೊಂಚೂರಮ್ಮ ಆಗ ತಿರುಗಿದರು.